ಉಳಿದ ರೆಡ್ ವೈನ್‌ಗೆ ಅಳತೆ ನೀರು: ಪ್ರಯೋಗ ಎಲ್ಲಿಗೆ ಬಂತು

ತೆರೆದ ರೆಡ್ ವೈನ್ ಬಾಟಲಿಯಲ್ಲಿ ಅರ್ಧ ಉಳಿದರೆ ಅದಕ್ಕೆ ಫ್ರಿಜ್ಜೇ ಸರಿಯಾದ ಜಾಗ. ಹೊರಗಿಟ್ಟರೆ ಗಾಳಿ ಬೇಗ ಕೆಡಿಸುತ್ತದೆ, ತಣ್ಣಗಿದ್ದರೆ ಅದೇ ಕೆಲಸ ನಿಧಾನವಾಗುತ್ತದೆ. ಬಿರಡೆ ಬಿಗಿಯಾಗಿ ಹಾಕಿ ಒಳಗಿಟ್ಟರೆ 3ರಿಂದ 5 ದಿನ ಕುಡಿಯುವಂತಿರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಹೊರಗೆ ತೆಗೆದಾಗ. ಫ್ರಿಜ್‌ನೊಳಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹಗುರವಾದ ರೆಡ್ ವೈನ್ ಚೆನ್ನಾಗಿರುವುದು 12ರಿಂದ 14 ಡಿಗ್ರಿಯಲ್ಲಿ, ಗಡುಸಾದದ್ದು 16ರಿಂದ 18ರಲ್ಲಿ. ನಡುವಿನ ಆ ಹತ್ತು ಹನ್ನೆರಡು ಡಿಗ್ರಿಯನ್ನು ಹೇಗೆ ದಾಟಿಸುವುದು ಅನ್ನುವುದೇ ನನ್ನ ಈ ಪುಟ್ಟ ಪ್ರಾಜೆಕ್ಟು.

ಷರತ್ತುಗಳನ್ನು ಮೊದಲೇ ಹಾಕಿಕೊಂಡಿದ್ದೆ. ಗಂಟೆಗಟ್ಟಲೆ ಕಾಯಬಾರದು. ಪಕ್ಕದಲ್ಲಿ ನಿಂತು ನೋಡುತ್ತಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮರೆತುಬಿಟ್ಟರೂ ವೈನ್ ಬಿಸಿಯಾಗಿ ಹೋಗಬಾರದು. ಅಡುಗೆ ಮಾಡುತ್ತಾ, ಫೋನ್‌ನಲ್ಲಿ ಮಾತಾಡುತ್ತಾ ಇದನ್ನೂ ನೋಡಿಕೊಳ್ಳುವುದು ಆಗದ ಮಾತು. ಹೊಸ ಸಾಮಾನು ಕೊಳ್ಳಲಿಲ್ಲ. ಅಡುಗೆಮನೆಯ ಥರ್ಮಾಮೀಟರ್ ಇತ್ತು, ಅದರ ಕಡ್ಡಿ ಬಾಟಲಿಯ ಕತ್ತಿನಲ್ಲಿ ಇಳಿಯುವಷ್ಟು ಉದ್ದ ಮತ್ತು ಸಪೂರ. ಅಳತೆಯ ಜಗ್ಗು, ಪಾತ್ರೆಗಳು ಇದ್ದೇ ಇವೆ.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ಒಂದೇ ವೈನನ್ನು ಎರಡು ಲೋಟದಲ್ಲಿ ಹಾಕಿ ನೋಡಲಿ. ಒಂದು ಫ್ರಿಜ್‌ನಿಂದ ಈಗಷ್ಟೇ ತೆಗೆದದ್ದು, ಇನ್ನೊಂದು 16 ಡಿಗ್ರಿಗೆ ಬಂದದ್ದು. ತಣ್ಣನೆಯದನ್ನು ಮೂಗಿನ ಹತ್ತಿರ ಹಿಡಿದರೆ ಹೆಚ್ಚೇನೂ ಸಿಗುವುದಿಲ್ಲ. ಘಮ ಮೇಲೇಳಬೇಕಾದರೆ ಸ್ವಲ್ಪ ಬೆಚ್ಚಗಿರಬೇಕು. ಬಾಯಿಗೆ ಹಾಕಿದರೆ ಒಗರು ಮತ್ತು ಹುಳಿ ಎದ್ದು ನಿಲ್ಲುತ್ತವೆ, ಹಲ್ಲಿನ ಮೇಲೆ ಒರಟು ಒರಟು. ಬೆಚ್ಚಗಾದ ಲೋಟದಲ್ಲಿ ಅದೇ ಒಗರು ಮೆತ್ತಗಾಗಿರುತ್ತದೆ. ಹಾಗಂತ 22, 23 ಡಿಗ್ರಿಗೆ ಏರಿಸಿದರೆ ಆಲ್ಕೋಹಾಲಿನ ಘಾಟು ಮುಂದೆ ಬಂದು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ರೆಡ್ ವೈನ್ ಕೋಣೆಯಷ್ಟೇ ಬೆಚ್ಚಗಿರಲಿ ಅನ್ನುವ ಹಳೆಯ ಸಲಹೆ ಹುಟ್ಟಿದ್ದು ಯೂರೋಪಿನ ತಂಪು ಮನೆಗಳಲ್ಲಿ. 25 ಡಿಗ್ರಿಯ ಕೋಣೆಗೆ ಅದು ಹೊಂದುವುದಿಲ್ಲ.

ಶುರು: ಸುಮ್ನೆ ಹೊರಗಿಟ್ಟು ನೋಡಿದ್ದು

ಹೋಲಿಸಲು ಒಂದು ಅಳತೆ ಬೇಕಲ್ವಾ? ಅರ್ಧ ಬಾಟಲಿ, ಅಂದರೆ ಸುಮಾರು 375 ಮಿಲಿ, 4 ಡಿಗ್ರಿಯಲ್ಲಿ ಇದ್ದದ್ದನ್ನು 25 ಡಿಗ್ರಿಯ ಕೋಣೆಯಲ್ಲಿ ಮೇಜಿನ ಮೇಲಿಟ್ಟೆ. ಅರ್ಧ ಗಂಟೆಗೆ 9 ಡಿಗ್ರಿ. ಒಂದು ಗಂಟೆಗೆ 13. ಒಂದೂವರೆ ಗಂಟೆಗೆ 16ರ ಹತ್ತಿರ. ಮೊದಲ ಅರ್ಧ ಗಂಟೆಯಲ್ಲಿ 5 ಡಿಗ್ರಿ ಏರಿದ್ದು ಕೊನೆಯ ಅರ್ಧ ಗಂಟೆಯಲ್ಲಿ 3 ಮಾತ್ರ. ನ್ಯೂಟನ್ 1701ರಲ್ಲೇ ಇದನ್ನು ಹೇಳಿದ್ದ: ವಸ್ತುವಿಗೂ ಸುತ್ತಲಿಗೂ ಅಂತರ ಕಮ್ಮಿಯಾದಂತೆ ಬದಲಾಗುವ ವೇಗವೂ ಕಮ್ಮಿಯಾಗುತ್ತದೆ. ಅವನು ನೋಡಿದ್ದು ಬಿಸಿ ವಸ್ತು ಆರುವುದನ್ನು. ತಣ್ಣನೆಯದು ಬೆಚ್ಚಗಾಗುವುದೂ ಅದೇ ಲೆಕ್ಕ.

ಲೋಟಕ್ಕೆ ಬಗ್ಗಿಸಿಟ್ಟರೆ 40 ನಿಮಿಷ ಸಾಕು. ಆದರೆ ಈ ವೈನ್ ಆಗಲೇ ಸಾಕಷ್ಟು ಗಾಳಿ ಕುಡಿದಿದೆ. ಇನ್ನೂ 40 ನಿಮಿಷ ಬಾಯ್ತೆರೆದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂರುವವರೂ ಇದ್ದಾರೆ. ಕೊನೆಯ ಎರಡು ಡಿಗ್ರಿಗೆ ಅದು ಸರಿ, ಹನ್ನೆರಡು ಡಿಗ್ರಿಗೆ ಅಲ್ಲ.

ಮೈಕ್ರೋವೇವ್

ಹೌದು, ಮಾಡಿದೆ. ವೈನ್ ಬಲ್ಲವರು ಕಿವಿ ಮುಚ್ಚಿಕೊಳ್ಳುತ್ತಾರೆ ಅಂತ ಗೊತ್ತು. ಆದರೆ ಸ್ವಲ್ಪ ಬೆಚ್ಚಗಾದ ಮಾತ್ರಕ್ಕೆ ವೈನ್ ಸಾಯುವುದಿಲ್ಲ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ವೈನ್ ಕೆಡದಿರಲಿ ಅಂತ ಅದನ್ನು 50–60 ಡಿಗ್ರಿಗೆ ಕಾಯಿಸುತ್ತಿದ್ದ. ಹಾಲಿಗೆ ಅಂಟಿಕೊಂಡ ಅವನ ಹೆಸರು ಮೊದಲು ವೈನ್‌ನದೇ. ನಮಗೆ ಬೇಕಿರುವುದು ಬರೀ 16.

ಲೆಕ್ಕ ಹೀಗಿದೆ. 150 ಮಿಲಿ ವೈನನ್ನು 4ರಿಂದ 16ಕ್ಕೆ ತರಲು ಸುಮಾರು 7,500 ಜೂಲ್ ಬೇಕು. 800 ವ್ಯಾಟಿನ ಒಲೆ ಅಷ್ಟನ್ನೂ ವೈನ್‌ಗೇ ಕೊಟ್ಟರೆ 10 ಸೆಕೆಂಡಿನೊಳಗೆ ಮುಗಿಯಬೇಕು. ಒಂದೇ ಲೋಟ ಇಟ್ಟಾಗ ಅಷ್ಟು ಪೂರ್ತಿ ತಲುಪುವುದಿಲ್ಲ, ಹಾಗಾಗಿ ಇನ್ನೊಂದೈದು ಸೆಕೆಂಡ್ ಹಿಡಿಯುತ್ತದೆ. ಕೆಲಸ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಬೇಸರದ ಸಂಗತಿ ಏನೆಂದರೆ, ಕೈ ತಪ್ಪಿ 5 ಸೆಕೆಂಡ್ ಜಾಸ್ತಿ ಆದರೆ 4 ಡಿಗ್ರಿ ಮೇಲೆ ಹೋಗಿರುತ್ತದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಇರುವುದರಿಂದ ತಿರುಗಿಸಿ ನೋಡದೆ ಏನೂ ಹೇಳಲಾಗದು. ಸೀಸ ಬೆರೆತ ಕ್ರಿಸ್ಟಲ್ ಗ್ಲಾಸು, ಅಂಚಿಗೆ ಚಿನ್ನದ ಗೆರೆ ಇರುವ ಗ್ಲಾಸು ಒಳಗೆ ಹೋಗಲೇಬಾರದು. ಒಬ್ಬರಿಗೆ ಒಂದು ಲೋಟ, ತುರ್ತು ಅಂದರೆ ಇದು ಸರಿ. ನನ್ನ ಷರತ್ತಿಗೆ ಇದು ಪಾಸಾಗಲಿಲ್ಲ.

ಮುಂದಿನ ಬಾಟಲಿ: ಬೆಚ್ಚನೆ ನೀರು

ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅದಕ್ಕೇ 25 ಡಿಗ್ರಿಯ ಗಾಳಿಯಲ್ಲಿ ಒಂದೂವರೆ ಗಂಟೆ ತೆಗೆದುಕೊಂಡ ಬಾಟಲಿ, 25 ಡಿಗ್ರಿಯದೇ ನೀರು ತುಂಬಿದ ದೊಡ್ಡ ಬಕೆಟ್ಟಿನಲ್ಲಿ ಕಾಲು ಗಂಟೆಯೊಳಗೆ ಮುಗಿಸಿತು. ಇದನ್ನು ನೋಡಿದ ಮೇಲೆ ಒಲೆಯ ಕಡೆ ನೋಡಲೇ ಇಲ್ಲ. ಕುದಿಯುವ ನೀರಿಗೆ ತಣ್ಣನೆ ಬಾಟಲಿ ಇಳಿಸಬೇಡಿ ಅಂತ ಬೇರೆ ಹೇಳಬೇಕಿಲ್ಲ. ಹೊರಮೈ ಹಿಗ್ಗಿ, ಒಳಮೈ ಹಾಗೇ ಇದ್ದರೆ ಗಾಜು ಬಿರಿಯುತ್ತದೆ.

ಉಗುರು ಬೆಚ್ಚಗಿನ ನೀರಿನಲ್ಲಿ, ಅಂದರೆ 40 ಡಿಗ್ರಿಯಲ್ಲಿ ಇಟ್ಟಾಗ ಒಂದು ತಮಾಷೆ ಕಂಡಿತು. ಕೆಲವು ನಿಮಿಷ ಆದ ಮೇಲೆ ಥರ್ಮಾಮೀಟರ್ ಕಡ್ಡಿಯನ್ನು ವೈನ್‌ನ ಮೇಲ್ಪದರಕ್ಕೆ ತಾಗಿಸಿದೆ. 17 ತೋರಿಸಿತು. ಆಯ್ತಲ್ಲ ಅನ್ನುವಂತಿತ್ತು. ಕಡ್ಡಿಯನ್ನು ನಿಧಾನವಾಗಿ ಕೆಳಗೆ ಇಳಿಸಿದೆ. 15, 13, ತಳದಲ್ಲಿ 10. ಗಾಜಿನ ಗೋಡೆಗೆ ತಾಗಿ ಬೆಚ್ಚಗಾದ ವೈನ್ ಹಗುರವಾಗಿ ಮೇಲೇರುತ್ತದೆ. ಏರಿದ್ದು ಮೇಲೆಯೇ ಪದರವಾಗಿ ಕೂರುತ್ತದೆ, ತಣ್ಣನೆಯದು ತಳ ಬಿಟ್ಟು ಏಳುವುದಿಲ್ಲ. ಬಾಟಲಿಯನ್ನು ಎತ್ತಿ ನಿಧಾನಕ್ಕೆ ನಾಲ್ಕು ಸುತ್ತು ತಿರುಗಿಸಿದೆ. ಈಗ ಎಲ್ಲ ಕಡೆಯೂ 13. ಮೇಲಿನದನ್ನು ಮಾತ್ರ ನಂಬಿ ಬಗ್ಗಿಸಿದ್ದರೆ ಮೊದಲ ಲೋಟದವರಿಗೆ ಒಂದು ವೈನ್, ಕೊನೆಯವರಿಗೆ ಬೇರೆಯೇ ವೈನ್. ಅಂದಿನಿಂದ ತಿರುಗಿಸದೆ ಅಳೆಯುವುದಿಲ್ಲ. ಕುಲುಕುವುದೂ ಇಲ್ಲ, ಕುಲುಕಿದರೆ ಗಾಳಿ ಸೇರುತ್ತದೆ.

ಬೆಚ್ಚನೆ ನೀರು ಬೇಗ ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ ಮರೆತರೆ? ಒಂದೂವರೆ ಲೀಟರ್, 30 ಡಿಗ್ರಿ ನೀರಿನಲ್ಲಿ ಅರ್ಧ ಬಾಟಲಿಯನ್ನು ಬಿಟ್ಟುಹೋದರೆ ಕೊನೆಗೆ ವೈನ್ 24ರ ಸುತ್ತ ಬಂದು ನಿಲ್ಲುತ್ತದೆ. ಮೂರನೇ ಷರತ್ತು ಮುರಿಯಿತು.

ಆಮೇಲಿನ ಬಾಟಲಿ: ನೀರನ್ನೇ ಅಳೆದರೆ?

ಇಲ್ಲಿಂದ ನನಗೆ ನಿಜವಾದ ಖುಷಿ ಶುರುವಾಯಿತು. ನೀರು ಎಷ್ಟು ಬೆಚ್ಚಗಿರಬೇಕು ಅಂತ ಕೇಳುವ ಬದಲು, ಎಷ್ಟು ನೀರು ಇರಬೇಕು ಅಂತ ಕೇಳಿದರೆ ಹೇಗೆ? ನೀರು ತಣ್ಣಗಾಗುತ್ತಾ, ವೈನ್ ಬೆಚ್ಚಗಾಗುತ್ತಾ ಇಬ್ಬರೂ ಒಂದು ಕಡೆ ಸಂಧಿಸಲೇಬೇಕು. ಆ ಜಾಗ 16 ಡಿಗ್ರಿಯೇ ಆಗಿರುವಂತೆ ಮೊದಲೇ ನೀರು ಅಳೆದು ಹಾಕಿದರೆ ಆಯಿತು. ಗಡಿಯಾರ ನೋಡುವುದೇ ಬೇಡ.

ಲೆಕ್ಕಕ್ಕೆ ದೊಡ್ಡ ಗಣಿತ ಬೇಕಿಲ್ಲ. ಮಿಲಿ ಲೆಕ್ಕದಲ್ಲಿ ವೈನ್ ಹಿಡಿಯುವ ಶಾಖ ಹೆಚ್ಚುಕಡಿಮೆ ನೀರಿನಷ್ಟೇ. 375 ಮಿಲಿ ವೈನ್ 12 ಡಿಗ್ರಿ ಏರಬೇಕು, ಗುಣಿಸಿದರೆ 4,500. ಬಾಟಲಿಯೂ ತಣ್ಣಗಿರುತ್ತದೆ, ಅದನ್ನು ಮರೆಯಬಾರದು. ಗಾಜು ನೀರಿನ ಐದನೇ ಒಂದು ಪಾಲು ಶಾಖ ಹಿಡಿಯುತ್ತದೆ. ಅರ್ಧ ಕಿಲೋ ಬಾಟಲಿ ಅಂದರೆ 100 ಮಿಲಿ ನೀರಿಗೆ ಸಮ, ಅದಕ್ಕೆ 1,200. ಒಟ್ಟು 5,700. ನನ್ನ ಹತ್ತಿರ 600 ಮಿಲಿ ನೀರಿದ್ದರೆ ಅದು 16ಕ್ಕಿಂತ 9.5 ಡಿಗ್ರಿ ಮೇಲಿರಬೇಕು. ಅಂದರೆ 25.5. ಕೋಣೆಯಲ್ಲೇ ಜಗ್ಗಿನಲ್ಲಿ ಇಟ್ಟಿದ್ದ ಸಾಧಾರಣ ನೀರು! ಕಾಯಿಸುವ ಕೆಲಸವೇ ಇಲ್ಲ.

ಒಂದೇ ತೊಡಕು ಪಾತ್ರೆಯದು. 600 ಮಿಲಿಯನ್ನು ಅಗಲ ಪಾತ್ರೆಗೆ ಹಾಕಿದರೆ ನೀರು ಬಾಟಲಿಯ ಪಾದ ಮಾತ್ರ ಮುಟ್ಟುತ್ತದೆ. ಒಳಗಿನ ವೈನ್ ಎಷ್ಟು ಎತ್ತರಕ್ಕಿದೆಯೋ ಹೊರಗಿನ ನೀರೂ ಅಷ್ಟು ಎತ್ತರಕ್ಕೆ ಬರಬೇಕು. ಅರ್ಧ ಬಾಟಲಿಯಲ್ಲಿ ವೈನ್ ಸುಮಾರು 9 ಸೆಂಟಿಮೀಟರ್ ನಿಲ್ಲುತ್ತದೆ. ಪಾತ್ರೆಗಳನ್ನೆಲ್ಲ ಹೊರಗೆ ಹರವಿ ಅಳೆದೆ. ಒಳಗಿನ ಅಡ್ಡಳತೆ 12 ಸೆಂಟಿಮೀಟರ್ ಇರುವ ಒಂದು ಎತ್ತರದ ಡಬ್ಬ ಸಿಕ್ಕಿತು. ಅದರಲ್ಲಿ ಬಾಟಲಿ ನಿಲ್ಲಿಸಿ 600 ಮಿಲಿ ಸುರಿದರೆ ನೀರು ಹೆಚ್ಚುಕಡಿಮೆ ವೈನ್‌ನ ಗೆರೆಗೇ ಬಂದು ನಿಂತಿತು. ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಫಲಿತಾಂಶ: ಸುಮಾರು 20 ನಿಮಿಷಕ್ಕೆ, ನಡುವೆ ಒಂದೆರಡು ಸಲ ತಿರುಗಿಸಿ, 14.5 ಡಿಗ್ರಿ. ಅರ್ಧ ಗಂಟೆಗೆ 15.5. ಮುಂದೆ ಮುಳ್ಳು ಕದಲುವುದೇ ಕಷ್ಟ. ಪೂರ್ತಿ ನಿಂತುಬಿಡುತ್ತದೆ ಅಂತಲ್ಲ, ಸುತ್ತಲಿನ ಗಾಳಿ ನೀರು ವೈನ್ ಎರಡನ್ನೂ ಮೆಲ್ಲಗೆ ಮೇಲೆ ಎಳೆಯುತ್ತದೆ. ಆದರೆ ಈಗ ಗಾಳಿ ಎಳೆಯಬೇಕಿರುವುದು ವೈನ್ ಒಂದನ್ನೇ ಅಲ್ಲ, ಡಬ್ಬದ ನೀರನ್ನೂ ಸೇರಿಸಿ. ಒಂದು ಗಂಟೆ ಮರೆತರೂ 18 ದಾಟುವುದಿಲ್ಲ. ಇಷ್ಟು ಸಾಕು ನನಗೆ.

ನಿಧಾನ ಅನ್ನಿಸುವವರು ನೀರು ಕಮ್ಮಿ ಮಾಡಿ ಬಿಸಿ ಜಾಸ್ತಿ ಮಾಡಬಹುದು. 350 ಮಿಲಿಗೆ 32 ಡಿಗ್ರಿ ಬೇಕಾಗುತ್ತದೆ. ಲೆಕ್ಕ ಸರಿ. ಆದರೆ ನೀರು ವೈನ್‌ನ ಮಟ್ಟಕ್ಕೆ ಬರುವಷ್ಟು ಸಪೂರ ಡಬ್ಬ ಹುಡುಕಬೇಕು. ನನಗೆ ಸಿಗಲಿಲ್ಲ.

ಒಂದೇ ಲೋಟಕ್ಕೆ

ಇದು ಇನ್ನೂ ಸುಲಭ. 150 ಮಿಲಿ ವೈನನ್ನು ತೆಳು ಸ್ಟೀಲ್ ಲೋಟಕ್ಕೆ ಹಾಕಿ, ಆ ಲೋಟವನ್ನು 25 ಡಿಗ್ರಿಯ 200 ಮಿಲಿ ನೀರಿರುವ ಬಟ್ಟಲಿನಲ್ಲಿ ಕೂರಿಸಿದರೆ ಇಬ್ಬರೂ 16ರಲ್ಲಿ ಸಂಧಿಸುತ್ತಾರೆ. ಮೂರು ಪಾಲು ವೈನ್, ನಾಲ್ಕು ಪಾಲು ನೀರು ಅಂತ ನೆನಪಿಟ್ಟರೆ ಸಾಕು. ತೆಳು ಸ್ಟೀಲಿನಲ್ಲಿ ಶಾಖ ಬೇಗ ದಾಟುತ್ತದೆ. ಚಮಚದಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದರೆ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಸ್ಟೀಲಿನಿಂದ ರುಚಿ ಬದಲಾಗುತ್ತದೆ ಅನ್ನುವ ಭಯ ಬೇಡ. ವೈನ್ ತಯಾರಾಗುವ ತೊಟ್ಟಿಗಳೇ ಎಷ್ಟೋ ಕಡೆ ಸ್ಟೀಲಿನವು.

ಅಲ್ಲಿಂದ ವೈನ್ ಗ್ಲಾಸಿಗೆ ಬಗ್ಗಿಸುವಾಗ ಇನ್ನೊಂದು ಲೆಕ್ಕ ಬರುತ್ತದೆ. ಗ್ಲಾಸು ಕೋಣೆಯ ಬಿಸಿಯಲ್ಲೇ ಇರುತ್ತದೆ, ಅದು ತನ್ನ ಪಾಲಿನ ಒಂದು ಡಿಗ್ರಿ ಕೊಟ್ಟೇ ಕೊಡುತ್ತದೆ. ಹಾಗಾಗಿ 15ಕ್ಕೇ ತೆಗೆಯುವುದು ಒಳ್ಳೆಯದು. ಸ್ವಲ್ಪ ತಂಪಾಗಿ ಕೊಟ್ಟರೆ ಕುಡಿಯುತ್ತಾ ಸರಿಹೋಗುತ್ತದೆ. ಬಿಸಿ ಹೆಚ್ಚಾದದ್ದು ಕುಡಿಯುತ್ತಾ ಸರಿಹೋಗುವುದಿಲ್ಲ.

ದಾರಿಯಲ್ಲಿ ಕಂಡದ್ದು

ಕೆಲವು ಬಾಟಲಿಗಳ ತಳದಲ್ಲಿ ಪುಡಿ ಸಕ್ಕರೆಯಂಥ ಹರಳು ಕೂತಿರುತ್ತದೆ, ರೆಡ್ ವೈನ್ ಆದ್ದರಿಂದ ನಸುಗೆಂಪು ಬಣ್ಣ. ಗಾಜು ಒಡೆದಿದೆಯೇನೋ ಅಂತ ಹೆದರಬೇಕಿಲ್ಲ. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ತಣ್ಣಗಿರುವಾಗ ಹರಳು ಕಟ್ಟುತ್ತದೆ. ಕುಡಿದರೂ ಏನಾಗುವುದಿಲ್ಲ, ಹಲ್ಲಿಗೆ ಕರಕರ ಅನ್ನುತ್ತದೆ ಅಷ್ಟೇ. ಅರ್ಧ ಗಂಟೆ ಬೆಚ್ಚಗಾದ ಮಾತ್ರಕ್ಕೆ ಅದು ಕರಗಿಹೋಗುವುದೂ ಇಲ್ಲ. ಹರಳು ಕಂಡರೆ ಬಾಟಲಿಯನ್ನು ಜಾಸ್ತಿ ತಿರುಗಿಸದೆ ನೀರಿನಲ್ಲಿ ಹತ್ತು ನಿಮಿಷ ಹೆಚ್ಚೇ ಬಿಟ್ಟು, ಕೊನೆಯ ಗುಟುಕು ಬಾಟಲಿಯಲ್ಲೇ ಉಳಿಸುತ್ತೇನೆ.

ಬೆಚ್ಚಗಾಗುತ್ತಿರುವಾಗ ಗಾಜಿನ ಒಳಮೈಗೆ ಸಣ್ಣ ಗುಳ್ಳೆಗಳೂ ಅಂಟುತ್ತವೆ. ಹುದುಗು ಹಿಡಿದಿದ್ದಲ್ಲ. ತಣ್ಣನೆ ದ್ರವದಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ, ಬಿಸಿ ಏರಿದಂತೆ ಹೊರಗೆ ಬರುತ್ತದೆ. ಇನ್ನು, ಹುಳಿ ಹಿಡಿದ ವೈನನ್ನು ಈ ಯಾವ ವಿದ್ಯೆಯೂ ಸರಿಮಾಡುವುದಿಲ್ಲ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದ ವಿನೆಗರ್ ವಾಸನೆ ಬೆಚ್ಚಗಾದಾಗ ಇನ್ನೂ ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ಅದು ಅಡುಗೆಗೆ.

ಈಗ ನಡೆಯುತ್ತಿರುವುದು

ಉಳಿದ ವೈನನ್ನು ದೊಡ್ಡ ಬಾಟಲಿಯಲ್ಲೇ ಬಿಡದೆ, 375 ಮಿಲಿಯ ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ ಫ್ರಿಜ್‌ಗೆ ಇಡುವುದನ್ನು ಶುರುಮಾಡಿದ್ದೇನೆ. ಒಳಗೆ ಗಾಳಿಗೆ ಜಾಗವಿಲ್ಲ, ಹಾಗಾಗಿ ಇನ್ನೂ ಚೆನ್ನಾಗಿ ಉಳಿಯಬೇಕು. ಬಾಟಲಿ ಸಪೂರ, ಅಂದರೆ ಅಷ್ಟೇ ವೈನ್‌ಗೆ ನೀರು ತಾಗುವ ಮೈ ಜಾಸ್ತಿ. ಬೇಗ ಬೆಚ್ಚಗಾಗುತ್ತದೆ ಅಂತ ನನ್ನ ಅಂದಾಜು. ತೊಂದರೆ ಏನೆಂದರೆ ಈಗಿನ ಡಬ್ಬ ಇದಕ್ಕೆ ಅಗಲವಾಯಿತು, 600 ಮಿಲಿ ನೀರು ಭುಜದವರೆಗೂ ಬರುವುದಿಲ್ಲ. ಬಾಟಲಿಯ ಗಾಜೂ ಹಗುರ, ಹಾಗಾಗಿ ಲೆಕ್ಕವನ್ನೂ ತಿದ್ದಬೇಕು. ಮೊದಲು ಖಾಲಿ ಬಾಟಲಿಯನ್ನು ತೂಕ ಹಾಕಬೇಕು, ಆಮೇಲೆ ಸಪೂರ ಡಬ್ಬ ಹುಡುಕಬೇಕು.