ಹೆಸರು ಮಂಗಳೂರು, ಪೇಟೆ ಬೇರೆ

ವಿಧಾನಸಭೆಯ 204ನೇ ಕ್ಷೇತ್ರಕ್ಕೆ ಮಂಗಳೂರು ಎಂದೇ ಹೆಸರಿದ್ದರೂ ಅದರಲ್ಲಿ ಮುಖ್ಯವಾಗಿ ಇರುವುದು ನೇತ್ರಾವತಿಯ ಆಚೆಗಿನ ಉಳ್ಳಾಲ. ಪೇಟೆಯೆಂದು ನಾವು ಕರೆಯುವ ಹಂಪನಕಟ್ಟೆ, ಬಂದರು, ರಥಬೀದಿ, ಬೋಳಾರಗಳೆಲ್ಲ 203ರಲ್ಲಿ, ಮಂಗಳೂರು ನಗರ ದಕ್ಷಿಣದಲ್ಲಿವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ ಪೇಟೆಯ ಹಳೆಯ ಹೆಸರನ್ನು ಹೊಳೆ ದಾಟಿಸಿಬಿಟ್ಟಿತು. ಫಲಿತಾಂಶದ ದಿನ ಪರವೂರಿನ ನೆಂಟರು ಫೋನ್ ಮಾಡಿ “ನಿಮ್ಮಲ್ಲಿ ಖಾದರ್ ಗೆದ್ದರಂತೆ” ಎಂದಾಗಲೆಲ್ಲ, ಖಾದರ್ ಅವರದು 204, ನಮ್ಮದು 203 ಎಂದು ನಾನು ವಿವರಿಸುತ್ತೇನೆ.

ಮೀನಿನ ದಕ್ಕೆಯಿಂದ ರಥಬೀದಿಗೆ ನಡೆದುಹೋದರೆ ಕ್ಷೇತ್ರದ ಸ್ವಭಾವ ಕಿವಿಗೇ ತಿಳಿಯುತ್ತದೆ. ಬಂದರಿನ ಸಗಟು ಅಂಗಡಿಗಳಲ್ಲಿ ಬ್ಯಾರಿ ಮಾತು, ವೆಂಕಟರಮಣ ದೇವಸ್ಥಾನದ ಎದುರು ಗೌಡ ಸಾರಸ್ವತರ ಕೊಂಕಣಿ, ಜೆಪ್ಪುವಿನ ಕಡೆ ತಿರುಗಿದರೆ ಕ್ರೈಸ್ತರ ಕೊಂಕಣಿ, ಇವೆಲ್ಲದರ ನಡುವೆ ತುಳು. ಊರಿನ ಹೆಸರೂ ಹಾಗೆಯೇ: ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ.

ಪೇಟೆಯ ಈ ಕ್ಷೇತ್ರವನ್ನು ಬಿಜೆಪಿಯ ಕೋಟೆಯೆಂದು ಪತ್ರಿಕೆಗಳು ಬರೆಯುವುದು ಅರ್ಧ ಸತ್ಯ. ಪೇಟೆಗೆ ಮಂಗಳೂರು ಎಂಬ ಹೆಸರೇ ಇದ್ದ ಕಾಲದಲ್ಲಿ, 1983ರಲ್ಲಿ ವಿ. ಧನಂಜಯ ಕುಮಾರ್ ಆ ಪಕ್ಷದಿಂದ ಗೆದ್ದರೂ 1985 ಮತ್ತು 1989ರಲ್ಲಿ ಕಾಂಗ್ರೆಸ್ಸಿನ ಬ್ಲೇಸಿಯಸ್ ಡಿಸೋಜ ಗೆದ್ದರು. 1994ರಿಂದ ಸತತ ನಾಲ್ಕು ಬಾರಿ ಆಯ್ಕೆಯಾದ ಎನ್. ಯೋಗೀಶ್ ಭಟ್ಟರು 2013ರಲ್ಲಿ ಕಾಂಗ್ರೆಸ್ಸಿನ ಜೆ.ಆರ್. ಲೋಬೊ ಅವರೆದುರು ಸೋತರು. ಯಡಿಯೂರಪ್ಪ ಬೇರೆ ಪಕ್ಷ ಕಟ್ಟಿದ್ದ ಆ ವರ್ಷ ಇಡೀ ಜಿಲ್ಲೆಯಲ್ಲಿ ಬಿಜೆಪಿಗೆ ದಕ್ಕಿದ್ದು ಸುಳ್ಯ ಒಂದೇ ಆದ್ದರಿಂದ ಇದನ್ನು ಅಲೆಯ ಲೆಕ್ಕಕ್ಕೆ ಹಾಕುವವರಿದ್ದಾರೆ. ಆದರೆ ಹಿಂದೆ ಮಹಾನಗರ ಪಾಲಿಕೆಯ ಆಯುಕ್ತರಾಗಿದ್ದ ಲೋಬೊ ಅವರಿಗೆ ಪೇಟೆಯ ಚರಂಡಿಗಳ ಜಾಡು ಗೊತ್ತಿತ್ತು ಎಂಬುದೂ ಕೆಲಸ ಮಾಡಿತೆಂದು ನನಗನ್ನಿಸುತ್ತದೆ. ಪಾಲಿಕೆಯ ಕೆಲಸವನ್ನೂ ಶಾಸಕರಲ್ಲೇ ಕೇಳುವುದು ನಮ್ಮ ಹಳೆಯ ಚಾಳಿ.

2018ರಲ್ಲಿ ಬಿಜೆಪಿಯ ಡಿ. ವೇದವ್ಯಾಸ ಕಾಮತ್ ಲೋಬೊ ಅವರನ್ನು ಸೋಲಿಸಿದರು. 2023ರಲ್ಲೂ ಅದೇ ಇಬ್ಬರು, ಅದೇ ಫಲಿತಾಂಶ. ಸಾರಸ್ವತರೊಬ್ಬರು, ಕ್ರೈಸ್ತರೊಬ್ಬರು ಎಂದು ಎಲ್ಲರೂ ಎಣಿಸಿದ ಈ ಸ್ಪರ್ಧೆಯಲ್ಲಿ ಇಬ್ಬರ ಮನೆಮಾತೂ ಕೊಂಕಣಿಯೇ ಎಂಬುದು ಯಾರ ವಿಶ್ಲೇಷಣೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಂದಹಾಗೆ, ನಮ್ಮ ಗೇಟಿಗೆ ಬಂದು ಮತ ಕೇಳಿದ ಎರಡೂ ಪಕ್ಷಗಳ ಹುಡುಗರು ಮಾತನಾಡಿದ್ದು ತುಳುವಿನಲ್ಲಿ.