ಬೋರ್ಡಿನ ಮೇಲೆ ಬರೆದ ‘ಸಾಕು’

ಕನ್ನಡ ಮೇಷ್ಟ್ರು ತೀರಿಕೊಂಡರು ಅಂತ ಹಳೆಯ ಗೆಳೆಯನೊಬ್ಬ ಫೋನ್ ಮಾಡಿದ. ಫೋನ್ ಇಟ್ಟ ಮೇಲೆ ಮೊದಲು ನೆನಪಿಗೆ ಬಂದದ್ದು ಒಂದು ಪದ. ಸಾಕು.

ಒಂಬತ್ತನೇ ತರಗತಿ, ದಿನದ ಕೊನೆಯ ಪೀರಿಯಡ್. ಪಕ್ಕದ ತರಗತಿಯವರನ್ನು ಆಗಲೇ ಆಟಕ್ಕೆ ಬಿಟ್ಟಿದ್ದರು. ಅವರ ಕೂಗಾಟ ಕಿಟಕಿಯಿಂದ ನೇರವಾಗಿ ನಮ್ಮ ಕಿವಿಗೆ ಬೀಳುತ್ತಿತ್ತು. ಮೇಷ್ಟ್ರು ಬರುವುದಕ್ಕೆ ಮುಂಚೆ ನಾನು ಎದ್ದು ಹೋಗಿ ಬೋರ್ಡಿನ ತುಂಬ ‘ಸಾಕು’ ಅಂತ ಬರೆದೆ. ಪಾಠ ಸಾಕು, ನಮ್ಮನ್ನೂ ಬಿಡಿ ಅಂತ. ಇಡೀ ತರಗತಿ ಉಸಿರು ಬಿಗಿಹಿಡಿದು ಕೂತಿತು.

ಮೇಷ್ಟ್ರು ಬಂದರು. ಬೋರ್ಡು ನೋಡಿದರು. ಯಾರು ಬರೆದದ್ದು ಅಂತ ಕೇಳಲೇ ಇಲ್ಲ. ಚಾಕ್‌ಪೀಸ್ ತಗೊಂಡು ಆ ಪದದ ಮುಂದೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಸೇರಿಸಿದರು. ‘ಒಂದು, ಇನ್ನು ಬೇಡ. ಎರಡು, ಸಲಹು, ಪೋಷಿಸು.’ ಆಮೇಲೆ ನಮ್ಮ ಕಡೆ ತಿರುಗಿ, “ನೀವು ಹೇಳ್ತಿರೋದು ಮೊದಲನೇದು. ನಾನು ಮಾಡ್ತಿರೋದು ಎರಡನೇದು. ಕೂತ್ಕೊಳ್ಳಿ” ಅಂದರು.

ಆ ವರ್ಷ ಪಠ್ಯದಲ್ಲಿ ಯಾವ ಪದ್ಯ ಇತ್ತು, ಯಾವ ಗದ್ಯ ಇತ್ತು, ಒಂದೂ ನೆನಪಿಲ್ಲ. ಆ ನಲವತ್ತು ನಿಮಿಷ ಮಾತ್ರ ಹಾಗೇ ಉಳಿದಿದೆ.

‘ಬೆಳೆಸು’ ಅನ್ನೋದಕ್ಕೆ ಸಮಾನಾರ್ಥಕ ಪದ ಹೇಳಿ ಅಂದರು. ನಾವು ಕೂಗಿದ್ದನ್ನೆಲ್ಲ ಬರೆದುಕೊಂಡರು. ಸಾಕು, ಸಲಹು, ಪೋಷಿಸು, ಪಾಲಿಸು, ಪ್ರೋತ್ಸಾಹಿಸು, ಹುರಿದುಂಬಿಸು. “ಎಲ್ಲಾ ಒಂದೇನಾ?” ಅಂದರು. ಒಂದೇ ಸರ್ ಅಂದೆವು. “ಹಾಗಾದ್ರೆ ಒಂದರ ಜಾಗದಲ್ಲಿ ಇನ್ನೊಂದನ್ನ ಕೂರಿಸಿ ನೋಡೋಣ.”

ಗಡ್ಡ ಬೆಳೆಸಿದ. ಸರಿ. ಗಡ್ಡ ಪೋಷಿಸಿದ? ತರಗತಿ ನಕ್ಕಿತು. ನಾಯಿ ಸಾಕಿದ. ಸರಿ. ಸ್ನೇಹ ಸಾಕಿದ? ಊಹುಂ, ಸ್ನೇಹ ಬೆಳೆಸಬೇಕು. ದೇವರೇ ಸಲಹು ಅಂತೀವಿ, ದೇವರೇ ಬೆಳೆಸು ಅಂದರೆ ಬೇರೆಯೇ ಬೇಡಿಕೆ. ಸಲಹುವುದರಲ್ಲಿ ಕಾಯುವುದೂ ಸೇರಿದೆ, ಬೆಳೆಸುವುದರಲ್ಲಿ ಅದು ಇರಲೇಬೇಕು ಅಂತಿಲ್ಲ. ಮಾತು ಬೆಳೆಸಬೇಡ ಅಂತ ಜಗಳದಲ್ಲಿ ಹೇಳ್ತೀವಿ. ಪ್ರಯಾಣ ಬೆಳೆಸಿದರು ಅಂತ ಕಥೆಯಲ್ಲಿ ಓದ್ತೀವಿ. ಅಲ್ಲಿ ಬೇರೆ ಯಾವ ಪದವೂ ಕೂರಲಿಲ್ಲ. ಹುರಿದುಂಬಿಸುವುದು ಓಟದ ದಿನದ ಕೆಲಸ, ಬೆಳೆಸುವುದು ವರ್ಷವಿಡೀ ಮಾಡುವ ಕೆಲಸ ಅಂದರು. ಹಿಂದಿನ ಬೆಂಚಿನಿಂದ ಒಬ್ಬ ‘ಕುಮ್ಮಕ್ಕು’ ಅಂದ. ಮೇಷ್ಟ್ರು ಖುಷಿಯಾಗಿ ಅದನ್ನೂ ಬರೆದರು. ಕೆಟ್ಟ ಕೆಲಸಕ್ಕೆ ಕೊಡುವ ಬೆಂಬಲಕ್ಕೆ ನಮ್ಮಲ್ಲಿ ಬೇರೆಯೇ ಪದ ಇದೆ, ಅದನ್ನ ಮರೀಬೇಡಿ ಅಂದರು. ಆಟಕ್ಕೆ ಬಿಡಿ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಮರುದಿನ ನನ್ನನ್ನು ಒಬ್ಬನನ್ನೇ ಲೈಬ್ರರಿಗೆ ಕರೆದರು. ಅಕ್ಷರದ ಗುರುತು ಹಿಡಿದಿದ್ದರು. ಬೈಗುಳ ಗ್ಯಾರಂಟಿ ಅಂದುಕೊಂಡು ಹೋದೆ. ಮೇಜಿನ ಮೇಲೆ ಕಿಟೆಲ್ ನಿಘಂಟು ತೆರೆದಿತ್ತು. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ವರ್ಷಗಟ್ಟಲೆ ಕೂತು ಕನ್ನಡದ ಸುಮಾರು 70,000 ಪದ ಕೂಡಿಸಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಪುಸ್ತಕ ಇದು ಅಂದರು. ನಮ್ಮ ಲೈಬ್ರರಿಯಲ್ಲಿದ್ದದ್ದು ಮರುಮುದ್ರಣ. ಅವರು ‘ಪೊರೆ’ ಅನ್ನುವ ಪದದ ಕೆಳಗೆ ಬೆರಳು ಓಡಿಸಿದರು. ಬೆರಳಿನ ಚಾಕ್ ಪುಡಿ ಹಾಳೆಯ ಮೇಲೆ ತೆಳ್ಳಗೆ ಒಂದು ಬಿಳಿ ಗೆರೆ ಬಿಟ್ಟಿತು. ಪೊರೆ ಅಂದರೆ ಸಲಹು, ಕಾಪಾಡು. ಹಳೆಗನ್ನಡದ ಪಕಾರ ಹಕಾರವಾಗಿ ಅದೇ ‘ಹೊರೆ’ ಆಯಿತು. “ಹೊಟ್ಟೆ ಹೊರೆಯೋದು ಅಂತೀವಲ್ಲ, ಅದರೊಳಗೆ ಇರೋದು ಈ ಪೊರೆನೇ ಕಣಯ್ಯಾ” ಅಂದರು. ದಿನಾ ಬಳಸುವ ಮಾತಿನೊಳಗೆ ಇಷ್ಟು ಹಳೆಯ ಪದ ಕೂತಿದೆ ಅಂತ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು. ಲೈಬ್ರರಿಯ ಬೀಗದ ಕೈ ಅವತ್ತಿನಿಂದ ವಾರಕ್ಕೆರಡು ದಿನ ನನ್ನ ಹತ್ತಿರ ಇರುತ್ತಿತ್ತು. ಇವತ್ತು ನಾಲ್ಕು ಜನ ಓದಿ ಮೆಚ್ಚುವ ಹಾಗೆ ನಾನು ಬರೆಯುತ್ತೇನೆ, ನನ್ನ ಲೇಖನಗಳಿಗೆ ಬಹುಮಾನವೂ ಬಂದಿದೆ ಅಂದರೆ, ಅದರ ಬೇರು ಆ ಬಿಳಿ ಗೆರೆಯಲ್ಲಿದೆ.

ಈಗ ಮಕ್ಕಳ ಗೈಡುಗಳನ್ನು ನೋಡಿದರೆ ಬೇಜಾರಾಗುತ್ತದೆ. ‘ಪೋಷಿಸು = ಸಾಕು, ಸಲಹು, ಬೆಳೆಸು.’ ಮುಗೀತು, ಒಂದು ಅಂಕ. ವಾಕ್ಯದಲ್ಲಿ ಕೂರಿಸಿ ನೋಡುವವರಿಲ್ಲ. ಪುಷ್ಟಿ, ಪೌಷ್ಟಿಕ, ಪೋಷಣೆ, ಪೋಷಕ ಎಲ್ಲ ಒಂದೇ ಮನೆಯವು ಅಂತ ಹೇಳುವವರು ಕಡಿಮೆ. ‘ಮಾನ್ಯ ಪೋಷಕರೇ’ ಅಂತ ಶಾಲೆಯಿಂದ ಪತ್ರ ಬಂದರೆ ನಾವೂ ಮೊದಲು ನೋಡುವುದು ಫೀಸಿನ ತಾರೀಖು. ಎಷ್ಟು ತುಂಬಿದ ಪದ ಅದು, ಅಲ್ವಾ? ಮಕ್ಕಳಿಗೆ ಪದ ಗೊತ್ತಿಲ್ಲ ಅಂತ ದೂರುವುದು ಸುಲಭ. ಒಂದು ಪದದ ಹತ್ತಿರ ನಲವತ್ತು ನಿಮಿಷ ನಿಲ್ಲುವುದಕ್ಕೆ ನಾವು ಈಗಿನ ಮೇಷ್ಟ್ರುಗಳಿಗೆ ಬಿಡುವು ಕೊಟ್ಟಿದ್ದೇವಾ? ಇದು ನನ್ನ ನಿಜವಾದ ದೂರು.

ಮೇಷ್ಟ್ರನ್ನು ಕೊನೆಯ ಸಲ ನೋಡಿದ್ದು ಅವರು ಹಾಸಿಗೆ ಹಿಡಿದ ಮೇಲೆ. ನಾನು ಬರೆದ ಒಂದು ಲೇಖನ ತಗೊಂಡು ಹೋಗಿದ್ದೆ. ಅದರಲ್ಲಿ ‘ನಮ್ಮ ಮೇಷ್ಟ್ರು ನನ್ನನ್ನು ಪೋಷಿಸಿ ಬೆಳೆಸಿದರು’ ಅಂತ ಒಂದು ಸಾಲು ಇತ್ತು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಪೆನ್ನು ಕೇಳಿದರು. ಕೈ ನಡುಗುತ್ತಿತ್ತು. ‘ಪೋಷಿಸಿ’ ಹೊಡೆದುಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ‘ನನ್ನನ್ನು ಬೆಳೆಸಿದರು’ ಅನ್ನುವುದನ್ನೂ ಹೊಡೆದು, ‘ಮೇಷ್ಟ್ರು’ ಅನ್ನುವುದನ್ನು ‘ಮೇಷ್ಟ್ರ’ ಅಂತ ತಿದ್ದಿ, ಮೇಲೆ ‘ಮುಂದೆ ನಾನು ಬೆಳೆದೆ’ ಅಂತ ಬರೆದರು.

“ಇಸು ಪ್ರತ್ಯಯ ಬೇಡ ಕಣಯ್ಯಾ. ಓಡು ಅಂದ್ರೆ ನೀನೇ ಓಡ್ತೀಯ, ಓಡಿಸು ಅಂದ್ರೆ ಹಿಂದೆ ಇನ್ನೊಬ್ಬ ಇರ್ತಾನೆ. ಇಲ್ಲಿ ಇನ್ನೊಬ್ಬ ಯಾಕೆ?” ಅಂದರು.

ಅವರ ತಿದ್ದುಪಡಿಯನ್ನು ನಾನು ಯಾವತ್ತೂ ಮೀರಿದವನಲ್ಲ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಆದರೆ ನಮ್ಮ ಶಾಲೆಯ ಪತ್ರಿಕೆಯ ಈ ಸಂಚಿಕೆಯಲ್ಲಿ ಆ ಪ್ರತ್ಯಯವನ್ನು ಇದ್ದ ಜಾಗಕ್ಕೇ ವಾಪಸ್ ಇಡುತ್ತಿದ್ದೇನೆ. ಮೇಷ್ಟ್ರು ನನ್ನನ್ನು ಬೆಳೆಸಿದರು.