ಬೂಟು, ಬಸ್ಸು, ಮತ್ತೆ ಅಲ್ಫೋನ್ಸೋ

ಶನಿವಾರ ಬೆಳಗ್ಗೆ ಮಗನ ಜೊತೆ ಅವನ ಟೀಮಿನ ಇನ್ನೊಬ್ಬ ಹುಡುಗನನ್ನೂ ಪ್ರಾಕ್ಟೀಸಿಗೆ ಕರೆದುಕೊಂಡು ಹೋಗುತ್ತೇನೆ. ಅವನ ಅಮ್ಮ ರಾತ್ರಿ ಪಾಳಿ ಮುಗಿಸಿ ಬರೋದೇ ಏಳೂವರೆಗೆ. ಕಾರಿಲ್ಲ. ಮೊದಲ ದಿನ ಹಿಂದಿನ ಸೀಟಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದವನನ್ನು ಕನ್ನಡಿಯಲ್ಲಿ ನೋಡಿದೆ. ಯಾರೋ ಕೊಟ್ಟ ಬೂಟು, ಎರಡು ಸೈಜ್ ದೊಡ್ಡದು. ಸೂಪರ್ ಮಾರ್ಕೆಟ್ಟಿನ ಜಾಹೀರಾತು ಹಾಳೆಯನ್ನು ಉಂಡೆ ಮಾಡಿ ತುದಿಗೆ ತುರುಕಿದ. ಎರಡು ಜೊತೆ ಸಾಕ್ಸ್ ಏರಿಸಿದ. ಲೇಸನ್ನು ಅಂಗಾಲಿನ ಸುತ್ತ ಒಂದು ಸುತ್ತು ತಂದು ಬಿಗಿಯಾಗಿ ಕಟ್ಟಿದ. ಆಮೇಲೆ ಕೇಳಿದ, "ಆಂಟಿ, ಅಲ್ಫೋನ್ಸೋ ಡೇವಿಸ್ ಬೆಳೆದಿದ್ದೂ ನಮ್ಮೂರಲ್ಲೇ, ನಿಮಗೆ ಗೊತ್ತಾ?"

ಗೊತ್ತು. ದಾವಣಗೆರೆಯಿಂದ ಕೆನಡಾದ ಎಡ್ಮಂಟನ್‌ಗೆ ಬಂದ ಹೊಸದರಲ್ಲಿ ನನಗೆ ಫುಟ್ಬಾಲಿನ ಗಂಧವೇ ಇರಲಿಲ್ಲ. ಈಗ ಕೆನಡಾ ತಂಡದ ಈ ಅಲ್ಫೋನ್ಸೋನ ಆಟವನ್ನು ಎದೆ ಹಿಡಿದುಕೊಂಡು ನೋಡುತ್ತೇನೆ.

ಅಲ್ಫೋನ್ಸೋ ಹುಟ್ಟಿದ್ದು 2000ರ ನವೆಂಬರ್ 2ರಂದು, ಘಾನಾದ ಬುಡುಬುರಾಮ್ ನಿರಾಶ್ರಿತರ ಶಿಬಿರದಲ್ಲಿ. ಅಪ್ಪ ಡೆಬಿಯಾ, ಅಮ್ಮ ವಿಕ್ಟೋರಿಯಾ ಲೈಬೀರಿಯಾದ ಅಂತರ್ಯುದ್ಧಕ್ಕೆ ಹೆದರಿ ಜೀವ ಉಳಿಸಿಕೊಂಡು ಬಂದವರು. ಕುಡಿಯುವ ನೀರನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಜಾಗ ಅದು. ಮಗುವಿಗೆ ಐದು ವರ್ಷ ಆದಾಗ ಕೆನಡಾ ಅವರನ್ನು ಬರಮಾಡಿಕೊಂಡಿತು. ಮೊದಲು ವಿಂಡ್ಸರ್, ಮರುವರ್ಷ ಎಡ್ಮಂಟನ್. ಇಲ್ಲಿ ಅಪ್ಪ ಅಮ್ಮ ದುಡಿಯಲು ಹೋದರೆ ತಮ್ಮ ತಂಗಿಯನ್ನು ನೋಡಿಕೊಳ್ಳುವುದು, ಡೈಪರ್ ಬದಲಿಸುವುದು, ಅಡುಗೆಗೆ ಕೈ ಹಾಕುವುದು ಇವನ ಪಾಲಿಗೆ.

ಇಂಥ ಮನೆಯ ಮಗು ಈ ದೇಶದಲ್ಲಿ ಕ್ಲಬ್ ಫುಟ್ಬಾಲ್ ಆಡೋದು ಹೇಗೆ? ನನ್ನ ಮಗನ ಫೀಸು ಕಟ್ಟುವಾಗ ನಾನೇ ಎರಡು ಸಲ ಲೆಕ್ಕ ಹಾಕುತ್ತೇನೆ. ಫೀಸು ಒಂದಾದರೆ ಬೂಟು, ಜೆರ್ಸಿ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಮೈದಾನಕ್ಕೆ ಮುಟ್ಟಿಸುವ ಕಾರು. ಟಿಮ್ ಆಡಮ್ಸ್ ಎಂಬವರು ಇಲ್ಲಿ 'ಫ್ರೀ ಫುಟಿ' ಅಂತ ಒಂದು ಲೀಗ್ ಶುರು ಮಾಡಿದ್ದರು. ಶಾಲೆ ಬಿಟ್ಟ ಮೇಲಿನ ಆಟ. ಫೀಸಿಲ್ಲ, ಬೂಟು ಬಟ್ಟೆ ಅವರದೇ, ಮಕ್ಕಳನ್ನು ಕರೆದೊಯ್ಯಲು ಬಸ್ಸೂ ಅವರದೇ. ಅಲ್ಫೋನ್ಸೋ ಅಲ್ಲೇ ಕಣ್ಣಿಗೆ ಬಿದ್ದ. ಆಮೇಲೆ ನಿಕ್ ಹುವೋಸೆ ಅವರ ಎಡ್ಮಂಟನ್ ಸ್ಟ್ರೈಕರ್ಸ್ ತಂಡ. ಅವನ ಓಟ, ಎಡಗಾಲು ಎರಡೂ ಹುಟ್ಟಿನಿಂದ ಬಂದವು, ನಿಜ. ಆದರೆ ಆ ಬಸ್ಸು ಬರದಿದ್ದರೆ ಅವನ್ನು ಯಾರೂ ನೋಡುತ್ತಲೇ ಇರಲಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹದಿನಾಲ್ಕಕ್ಕೆ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಅಕಾಡೆಮಿ ಕರೆಯಿತು. ಅಮ್ಮನಿಗೆ ಕಳಿಸಲು ಮನಸ್ಸಿಲ್ಲ, ಹುಡುಗ ದಾರಿ ತಪ್ಪಿದರೆ ಅಂತ ಭಯ. ಹಾಗಾಗಲ್ಲ ಅಂತ ಅವಳಿಗೆ ಮಾತು ಕೊಟ್ಟೇ ಹೋದ. ಹದಿನೈದಕ್ಕೆ ಉತ್ತರ ಅಮೆರಿಕದ ದೊಡ್ಡ ಫುಟ್ಬಾಲ್ ಲೀಗು, ಮೇಜರ್ ಲೀಗ್ ಸಾಕರ್. 2017ರ ಜೂನ್ 6ಕ್ಕೆ ಕೆನಡಾ ಪೌರತ್ವ, ಒಂದೇ ವಾರದಲ್ಲಿ ದೇಶದ ಜೆರ್ಸಿ. 2019ರ ಜನವರಿಯಲ್ಲಿ ಜರ್ಮನಿಯ ಕ್ಲಬ್ ಬಯರ್ನ್ ಮ್ಯೂನಿಕ್. ಅಲ್ಲಿ ಹಿಂದಿನ ಸಾಲಿನವರಿಗೆ ಗಾಯಗಳಾಗಿ, ಎಡಬದಿಯ ರಕ್ಷಕ (ಲೆಫ್ಟ್ ಬ್ಯಾಕ್) ಅಲಾಬಾ ನಡುವಿಗೆ ಸರಿದಾಗ, ಅಂಚಿನಲ್ಲಿ ಮುಂದೆ ದಾಳಿ ಮಾಡುವ ವಿಂಗರ್ ಆಗಿದ್ದ ಇವನನ್ನು ಲೆಫ್ಟ್ ಬ್ಯಾಕ್‌ಗೆ ನಿಲ್ಲಿಸಿದರು. ಅದೇ ಅವನ ಜಾಗವಾಯಿತು. 2020ರ ಆಗಸ್ಟಿನಲ್ಲಿ ಬಾರ್ಸಿಲೋನಾವನ್ನು 8–2ರಿಂದ ಸೋಲಿಸಿದ ರಾತ್ರಿ, ಅವರ ರಕ್ಷಕ ಸೆಮೆಡೋನನ್ನು ದಾಟಿ ಅಂಚಿನ ಗೆರೆಗುಂಟ ಒಳನುಗ್ಗಿ ತನ್ನ ತಂಡದ ಕಿಮಿಕ್‌ಗೆ ಚೆಂಡು ಇಟ್ಟುಕೊಟ್ಟನಲ್ಲ, ಅದನ್ನು ನನ್ನ ಮಗ ನೂರು ಸಲ ನೋಡಿರಬಹುದು. ಅದೇ ತಿಂಗಳು ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಕಪ್. ಆಗ ಅವನಿಗಿನ್ನೂ ಹತ್ತೊಂಬತ್ತು.

ನನ್ನ ಮನಸ್ಸಲ್ಲಿ ಉಳಿದಿರುವುದು ಮಾತ್ರ 2022ರ ನವೆಂಬರ್ 27, ಭಾನುವಾರ, ಕತಾರ್ ವಿಶ್ವಕಪ್. ದೋಹಾದಲ್ಲಿ ರಾತ್ರಿ, ನಮಗಿಲ್ಲಿ ಬೆಳಗಿನ ಒಂಬತ್ತು. ನಾಲ್ಕು ದಿನ ಹಿಂದೆ ಬೆಲ್ಜಿಯಂ ವಿರುದ್ಧ ಅವನ ಪೆನಾಲ್ಟಿಯನ್ನು ಅವರ ಗೋಲ್ ಕಾಯುವ ಕೋರ್ಟುವಾ ತಡೆದಿದ್ದ. ನಮ್ಮ ಮನೆಯಲ್ಲಿ ಅವತ್ತು ಸೂತಕದ ಕಳೆ. ಕ್ರೊಯೇಷಿಯಾ ಪಂದ್ಯ ಶುರುವಾಗಿ ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ, ಬಲಗಡೆಯಿಂದ ಬ್ಯುಕ್ಯಾನನ್ ಚೆಂಡನ್ನು ಒಳಕ್ಕೆ ಎತ್ತಿದ, ಅಲ್ಫೋನ್ಸೋ ಹಾರಿ ತಲೆ ಕೊಟ್ಟ. ಪುರುಷರ ವಿಶ್ವಕಪ್ಪಿನಲ್ಲಿ ಕೆನಡಾ ಆಟಗಾರ ಹೊಡೆದ ಮೊಟ್ಟಮೊದಲ ಗೋಲು. ನಾನು ಕಿರುಚಿದ್ದಕ್ಕೆ ಮೇಲಿನ ಮನೆಯವರು ಇಳಿದು ಬಂದರು.

ಆ ಪಂದ್ಯವನ್ನು ನಾವು 4–1ರಿಂದ ಸೋತೆವು. ಆದರೂ ಆ ಮೈದಾನದಲ್ಲಿ ಯಾರ್ಯಾರಿದ್ದರು ನೋಡಿ. ಎದುರಾಳಿ ನಾಯಕ ಲೂಕಾ ಮೋಡ್ರಿಚ್: 1991ರಲ್ಲಿ, ಕ್ರೊಯೇಷಿಯಾದ ಸ್ವಾತಂತ್ರ್ಯ ಯುದ್ಧದಲ್ಲಿ, ಸೆರ್ಬ್ ಪಡೆಯವರು ಅಜ್ಜನನ್ನು ಕೊಂದರು, ಮನೆ ಬಿಟ್ಟು ಜಾದರ್‌ನ ಹೋಟೆಲಿನಲ್ಲಿ ನಿರಾಶ್ರಿತನಾಗಿ ಬೆಳೆದವನು. ನಮ್ಮ ಗೋಲ್‌ಕೀಪರ್ ಮಿಲಾನ್ ಬೊರ್ಯಾನ್: ಅದೇ ಯುದ್ಧದ ಇನ್ನೊಂದು ಮಗ್ಗುಲಿನವನು. ಕ್ನಿನ್‌ನಲ್ಲಿ ಹುಟ್ಟಿದ ಸೆರ್ಬ್, 1995ರಲ್ಲಿ ಕುಟುಂಬದ ಜೊತೆ ಊರು ಬಿಟ್ಟವನು. ಸೆರ್ಬರು ಟ್ರ್ಯಾಕ್ಟರ್ ಏರಿ ಓಡಿದ್ದನ್ನೇ ಆಡಿಕೊಂಡು ಕೆಲವು ಕ್ರೊಯೇಷಿಯಾ ಅಭಿಮಾನಿಗಳು ಬ್ಯಾನರ್ ಹಿಡಿದು ಅವನನ್ನು ಹಂಗಿಸಿದರು. ಫಿಫಾ ಅದಕ್ಕೆ 50,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಏಳು ವರ್ಷದ ಮಗು ಮನೆ ಕಳಕೊಂಡಿದ್ದನ್ನು ಮೂವತ್ತೈದರ ಗಂಡಸಿನ ಮುಖಕ್ಕೆ ಎಸೆಯುವುದು ಎಂಥ ಕ್ರೌರ್ಯ! ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಲ್ಫೋನ್ಸೋ 2021ರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಸದ್ಭಾವನಾ ರಾಯಭಾರಿ. 2025ರ ಮಾರ್ಚಿನಲ್ಲಿ ಮಂಡಿಯ ಲಿಗಮೆಂಟ್ ಹರಿದು ತಿಂಗಳುಗಟ್ಟಲೆ ಹೊರಗೆ ಕೂತ. ಆ ಸುದ್ದಿ ಬಂದ ವಾರ ನನ್ನ ಕಾರಿನ ಹಿಂದಿನ ಸೀಟಲ್ಲಿ ಒಂದೇ ಒಂದು ಮಾತಿರಲಿಲ್ಲ.

ಹೋದ ಶನಿವಾರ ಆ ಹುಡುಗ ಬೂಟಿನೊಳಗಿಂದ ಕಾಗದದ ಉಂಡೆ ತೆಗೆದು ನನ್ನ ಕೈಗಿಟ್ಟ. "ಇನ್ನು ಬೇಡ ಆಂಟಿ, ಕಾಲು ಬೆಳೀತು." ಒಳಾಂಗಣ ಸೀಸನ್ ಅಕ್ಟೋಬರ್‌ನಲ್ಲಿ ಶುರು, ಬುಧವಾರ ಸಂಜೆಯೂ ಪ್ರಾಕ್ಟೀಸ್ ಇದೆ, ಆ ಹೊತ್ತಿಗೆ ನನಗೆ ಡ್ಯೂಟಿ. ಎಡ್ಮಂಟನ್‌ನ ಕನ್ನಡದವರು ಯಾರಾದರೂ ಮಿಲ್ ವುಡ್ಸ್ ಕಡೆಯಿಂದ ಹೋಗುವವರಿದ್ದರೆ ನನಗೊಂದು ಮಾತು ಹೇಳಿ. ಇಬ್ಬರು ಹುಡುಗರು, ಎರಡು ಬ್ಯಾಗು, ಅಷ್ಟೇ.